ಕಾಯಿಗೂ ಮನಸ್ಸಿದ್ದರೆ

ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಪರ್ಸಿ ಕಲ್ಲಿದೆ. ಶಹಾಬಾದಿನ ಕಲ್ಲು, ಓಡಾಡಿ ಓಡಾಡಿ ನುಣುಪಾಗಿದೆ. ಅದರ ಮೇಲೆ ಯಾರೋ ಹಿಂದೆ ಉಳಿಯಿಂದ ಚೌಕಾಬಾರದ ಮನೆಗಳನ್ನು ಕೊರೆದಿದ್ದಾರೆ. ಐದಕ್ಕೆ ಐದು, ಒಟ್ಟು 25 ಮನೆ. ಬೇಸಿಗೆ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಇಡೀ ಮನೆಯಲ್ಲಿ ತಂಪಾಗಿರುವುದು ಅದೊಂದೇ ಕಲ್ಲು.

ಅಕ್ಕನ ಮಗ ಅದರ ಮೇಲೆ ಬೋರಲು ಮಲಗಿ ಮೊಬೈಲ್‌ನಲ್ಲಿ ಒಂದು ಕಾಮಿಕ್ ಓದುತ್ತಿದ್ದ. ತಟ್ಟನೆ ಎದ್ದು ಕೂತು ಕೇಳಿದ:

"ಮಾಮಾ, ಇವನಿಗಿ ಆ ರಾಜ ಅಂದ್ರ ಸೇರಂಗಿಲ್ಲ. ಯುದ್ಧನೂ ಬ್ಯಾಡಾಗ್ಯದ. ಮತ್ತ ಯಾಕ ಅವನ ಪರವಾಗೇ ಹೊಡದಾಡ್ಲತ್ಯಾನ? ಓಡಿ ಹೋಗಬೇಕಿಲ್ಲ?"

ಅವನು ಓದುತ್ತಿದ್ದದ್ದು 'ಎರ್ಫ್‌ವರ್ಲ್ಡ್'. ಆ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು. ಯಾಕಂದ್ರೆ ಈ ಕಾಮಿಕ್ ಓದಿದವರು ಎಡವುವ ಜಾಗ ಅದೇ. ಪಾತ್ರಗಳು ಮೂರ್ಖರ ಹಾಗೆ ನಡೆದುಕೊಳ್ಳುತ್ತವೆ ಅನಿಸುತ್ತದೆ. ಆ ಲೋಕದ ಕಟ್ಟಳೆ ಗೊತ್ತಾದ ಮೇಲೆ ಅದೇ ಪಾತ್ರಗಳ ಒಂದೊಂದು ನಡೆಗೂ ಕಾರಣ ಕಾಣಿಸುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕಥೆಯ ದೊಡ್ಡ ತಿರುವುಗಳನ್ನು ಹೇಳದೆ ಇದನ್ನು ವಿವರಿಸಲು ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಶುರು ಮಾಡಿದ್ದು ಕಲ್ಲಿನ ಮೇಲಿದ್ದ ಆಟದಿಂದಲೇ. ಚೌಕಾಬಾರ ಆಡಿದವರಿಗೆ ಗೊತ್ತು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತಿಗೆ ಇಳಿದು, ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಗುತ್ತದೆ. ನಮ್ಮ ಮನೆಯಲ್ಲಿ ಆಡುವ ಕಟ್ಟಳೆ ಇನ್ನೊಂದಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಎಷ್ಟೇ ಕವಡಿ ಬೀಳಲಿ, ಹೊರಗೇ ಸುತ್ತುತ್ತಾ ಇರಬೇಕು.

ಈಗ ಆ ಕಾಯಿಗೊಂದು ಮನಸ್ಸಿದೆ ಅಂದುಕೊಳ್ಳಿ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಮನೆ ಸೇರಬೇಕು ಅಷ್ಟೇ. ಆದರೆ ಯಾರನ್ನೋ ಹೊಡೆದ ಮೇಲೇ ಬಾಗಿಲು ತೆರೆಯುವುದು. ಹೊರಗಿನಿಂದ ನೋಡಿದವರು "ಎಂಥ ಕ್ರೂರಿ" ಅನ್ನುತ್ತಾರೆ. ಹೊಡೆಯುವುದನ್ನು ಆ ಕಾಯಿ ಬಯಸಿತ್ತಾ, ಅಥವಾ ಅದು ಬಯಸಿದ ಮನೆಯ ದಾರಿಯಲ್ಲಿ ಹೊಡೆತ ಅಡ್ಡ ಬಂದಿತ್ತಾ? ಎರ್ಫ್‌ವರ್ಲ್ಡ್‌ನ ಪ್ರತಿ ಪಾತ್ರದ ಮುಂದೆಯೂ ನಾನು ಇಡುವ ಪ್ರಶ್ನೆ ಇದು.

ಕಾಮಿಕ್ ಇಂಟರ್ನೆಟ್‌ನಲ್ಲಿ ಶುರುವಾದದ್ದು 2006ರ ಡಿಸೆಂಬರ್‌ನಲ್ಲಿ. ಬರೆದವರು ರಾಬ್ ಬಾಲ್ಡರ್, ಮೊದಲ ಭಾಗದ ಚಿತ್ರ ಜೇಮೀ ನೊಗೂಚಿ ಅವರದು. ಟೈಮ್ ಪತ್ರಿಕೆ 2007ರ ಹತ್ತು ಒಳ್ಳೆಯ ಗ್ರಾಫಿಕ್ ಕಾದಂಬರಿಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತ್ತು. 2019ರಲ್ಲಿ ಕಥೆ ಮುಗಿಯುವ ಮೊದಲೇ ನಿಂತುಹೋಯಿತು. ಅದು ಇವತ್ತಿಗೂ ನನಗೆ ಬೇಜಾರಿನ ಸಂಗತಿ.

ಕಥೆ ಹೀಗಿದೆ. ಪಾರ್ಸನ್ ಗಾಟಿ ನಮ್ಮ ಲೋಕದವನು. ದಪ್ಪ ಮೈಯ, ದೊಡ್ಡ ಕೆಲಸವೇನೂ ಇಲ್ಲದ, ಯುದ್ಧದಾಟಗಳನ್ನು ಕಟ್ಟಿ ಗೆಳೆಯರಿಗೆ ಆಡಿಸುವ ಮನುಷ್ಯ. ಒಂದು ದಿನ ಆಟಕ್ಕೆ ಕೂತ ಹೊತ್ತಿಗೆ ಮಂತ್ರವೊಂದು ಅವನನ್ನು ಬೇರೆ ಲೋಕಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಗಾಬ್ವಿನ್ ನಾಬ್ ಎಂಬ ನಗರ ಸೋಲಿನ ಅಂಚಿನಲ್ಲಿದೆ. ಅದರ ಒಡೆಯ ಸ್ಟ್ಯಾನ್ಲಿ ದುಬಾರಿ ಹಣ ಕೊಟ್ಟು 'ಪಕ್ಕಾ ಸೇನಾಪತಿಯನ್ನು ಕರೆಸುವ' ಮಂತ್ರ ತರಿಸಿದ್ದಾನೆ. ವಾಂಡಾ ಎಂಬ ಮಾಂತ್ರಿಕಳು ಅದನ್ನು ಹಾಕಿದ್ದಾಳೆ. ಕಟ್ಟುಮಸ್ತಾದ ವೀರ ಬರುತ್ತಾನೆ ಅಂತ ಕಾಯುತ್ತಿದ್ದ ಸ್ಟ್ಯಾನ್ಲಿಯ ಮುಂದೆ ಬಂದು ಬಿದ್ದದ್ದು ಪಾರ್ಸನ್.

ಬಂದವನಿಗೆ ಗೊತ್ತಾಗುವ ಮೊದಲ ವಿಷಯ: ಇದು ಆಟದ ಹಾಗಿರುವ ಲೋಕ ಅಲ್ಲ, ಆಟವೇ ಇಲ್ಲಿ ಲೋಕ. ನಮ್ಮಲ್ಲಿ ಕಲ್ಲು ಮೇಲಿಂದ ಬಿಟ್ಟರೆ ಕೆಳಗೆ ಬೀಳುತ್ತದೆ ಅನ್ನುವುದು ಎಷ್ಟು ನಿಜವೋ, ಅಲ್ಲಿ ಸರದಿ ಅನ್ನುವುದು ಅಷ್ಟೇ ನಿಜ.

ನೆಲವೆಲ್ಲ ಜೇನುಗೂಡಿನ ಹಾಗೆ ಆರುಮೂಲೆಯ ಮನೆಗಳು. ಯುದ್ಧದಾಟ ಆಡುವವರು ಚೌಕದ ಬದಲು ಆರುಮೂಲೆ ಹಿಡಿದದ್ದಕ್ಕೆ ಸರಳ ಕಾರಣವಿದೆ. ಚೌಕದ ಮನೆಯಲ್ಲಿ ಓರೆಯಾಗಿ ಹೋದರೆ ನೇರಕ್ಕಿಂತ ಸುಮಾರು 1.4 ಪಟ್ಟು ದೂರ, ಆದರೆ ಎಣಿಕೆಯಲ್ಲಿ ಎರಡೂ ಒಂದೇ ಮನೆ. ಚೌಕಾಬಾರದಲ್ಲಾದರೆ ಓರೆ ನಡಿಗೆಯೇ ಇಲ್ಲ, ಹಾಗಾಗಿ ಆ ಜಗಳವೂ ಇಲ್ಲ. ಆರುಮೂಲೆಯಲ್ಲಾದರೆ ಆರು ನೆರೆಮನೆಗಳೂ ಸಮ ದೂರ. ಪ್ರಷ್ಯಾದ ಸೈನ್ಯಾಧಿಕಾರಿಗಳು 1824ರಿಂದಾಚೆಗೆ ನಕಾಶೆಯ ಮೇಲೆ ಯುದ್ಧದಾಟ ಆಡಿ ತರಬೇತಿ ಪಡೆಯುತ್ತಿದ್ದರು. ಅಂಥ ಆಟಗಳು ಬೆಳೆದು ಬೆಳೆದು ಆರುಮೂಲೆಯ ಹಲಗೆಗೆ ಬಂದದ್ದು 20ನೇ ಶತಮಾನದ ನಡುವೆ. ಆ ಹಲಗೆಯೇ ಭೂಮಿಯಾದರೆ ಹೇಗಿರುತ್ತದೆ ಅನ್ನುವುದು ಈ ಕಥೆಯ ಬುಡ.

ಸರದಿಗೆ ನಮ್ಮ ಹುಡುಗರು 'ಡಾವು' ಅನ್ನುತ್ತಾರೆ. ಅಲ್ಲಿ ನಿನ್ನ ಡಾವು ಬಂದಾಗ ಮಾತ್ರ ನೀನು ಮನೆಯಿಂದ ಮನೆಗೆ ಹೋಗಬಹುದು, ಅದೂ ನಿನಗಿರುವ ನಡೆಗಳು ಮುಗಿಯುವವರೆಗೆ. ಬೇರೆಯವರ ಡಾವಿನಲ್ಲಿ ನೀನಿರುವ ಮನೆಯ ಗಡಿ ದಾಟಲು ಆಗುವುದೇ ಇಲ್ಲ. ವೈರಿ ಬರುವುದು ಕಣ್ಣಿಗೆ ಕಾಣುತ್ತಿರುತ್ತದೆ. ನಿಂತಲ್ಲೇ ನಿಂತು ಕಾಯಬೇಕು, ಬಂದು ಮೈಮೇಲೆ ಬಿದ್ದರೆ ಹೊಡೆದಾಡಬೇಕು.

ಹುಡುಗನ ಪ್ರಶ್ನೆಯ ಅರ್ಧಕ್ಕೆ ಇಲ್ಲೇ ಉತ್ತರ ಸಿಕ್ಕಿತು. "ಓಡಿ ಹೋಗು" ಅನ್ನುವುದು ನಮ್ಮ ಲೋಕದ ಸಲಹೆ.

ಇನ್ನರ್ಧ ಹೊಟ್ಟೆಗೆ ಸಂಬಂಧಿಸಿದ್ದು. ಇದನ್ನು ಓದುಗರು ಬೇಗ ದಾಟಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಬೆನ್ನೆಲುಬು ಇದು. ಆ ಲೋಕದಲ್ಲಿ ಸೈನಿಕರು ಹುಟ್ಟಿ ಬೆಳೆಯುವುದಿಲ್ಲ. ನಗರದಲ್ಲಿ ಇಷ್ಟು ಡಾವು ಕಳೆದ ಮೇಲೆ ಪೂರ್ತಿ ಬೆಳೆದ ಮೈಯೊಂದಿಗೆ, ಕೈಯಲ್ಲಿ ಆಯುಧ ಹಿಡಿದೇ ಮೂಡಿ ನಿಲ್ಲುತ್ತಾರೆ. ಬಾಲ್ಯ ಇಲ್ಲ, ಹಾಲುಣಿಸಿದ ತಾಯಿ ಇಲ್ಲ. ಪ್ರತಿ ಡಾವಿನ ಶುರುವಿಗೆ ಅವರ ಊಟ ತಾನಾಗಿ ಮುಂದೆ ಬಂದು ಬೀಳುತ್ತದೆ, ಅದರ ಖರ್ಚು ಒಡೆಯನ ಖಜಾನೆಯಿಂದ ಕಳೆಯುತ್ತದೆ. ಖಜಾನೆ ಬರಿದಾದರೆ ಸೈನಿಕ ಬದುಕುವುದಿಲ್ಲ. ಪಕ್ಷ ಬಿಟ್ಟು ಒಂಟಿಯಾದವನು ತನ್ನ ಚೀಲದಿಂದ ತಾನೇ ಆ ಖರ್ಚು ಭರಿಸಬೇಕು. ಚೀಲದಲ್ಲಿ ದುಡ್ಡು ಮುಗಿದ ದಿನ ಅವನೂ ಮುಗಿದ.

ಹಾಗಾಗಿ ಆ ಲೋಕದಲ್ಲಿ ಒಡೆಯನನ್ನು ಬಿಡುವುದು ಅಂದ್ರೆ ನೌಕರಿ ಬಿಟ್ಟ ಹಾಗಲ್ಲ, ಅನ್ನ ಬಿಟ್ಟ ಹಾಗೆ.

ಫಾಕ್ ಎಂಬ ಒಂದು ಚಿಕ್ಕ ರಾಜ್ಯದ ಕಥೆ ಇದರಲ್ಲಿ ಬರುತ್ತದೆ. ಅಲ್ಲಿನ ರಾಜನಿಗೆ ಯುದ್ಧವೇ ಬೇಡ. ಯಾರ ಕಣ್ಣಿಗೂ ಬೀಳದ ಹಾಗೆ ತನ್ನ ನಗರಗಳನ್ನು ಬಚ್ಚಿಟ್ಟುಕೊಂಡು, ದೊಡ್ಡ ದೊಡ್ಡ ವಿಚಾರಗಳ ಮಾತಿನಲ್ಲಿ ಕಾಲ ಕಳೆಯುತ್ತಾನೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಆ ಶಾಂತಿಯ ಖರ್ಚು ಹುಟ್ಟುವುದು ಮಗಳು ಜಿಲಿಯನ್‌ಳಿಂದ. ಅವಳು ಹೊರಗೆ ಹೋಗಿ ಬೇರೆ ಪಕ್ಷಗಳ ಯುದ್ಧದಲ್ಲಿ ಕೂಲಿಗೆ ಹೊಡೆದಾಡಿ ದುಡ್ಡು ತರುತ್ತಾಳೆ. ಅಪ್ಪನ ಕೈಗೆ ನೆತ್ತರು ಹತ್ತದಿರಲು ಮಗಳ ಕತ್ತಿಗೆ ಹತ್ತಬೇಕು. ಜಿಲಿಯನ್‌ಳ ಒರಟುತನ, ಸಿಂಹಾಸನ ಕಂಡರೆ ಅವಳಿಗಾಗುವ ಕಿರಿಕಿರಿ, ಎಲ್ಲೂ ನೆಲೆ ನಿಲ್ಲದ ಸ್ವಭಾವ ಇವೆಲ್ಲ ಈ ಒಂದು ಲೆಕ್ಕದಿಂದ ನನಗೆ ಅರ್ಥವಾದವು.

ಇನ್ನು ನಿಷ್ಠೆಯ ವಿಷಯ. ನಾನು ತುಂಬಾ ದಿನ ತಲೆ ಕೆಡಿಸಿಕೊಂಡದ್ದು ಇದರ ಬಗ್ಗೆಯೇ.

ಪಾರ್ಸನ್ ತನ್ನ ದಿನಚರಿಯಲ್ಲಿ ಆ ಲೋಕದ ಕಟ್ಟಳೆಗಳನ್ನು ಒಂದೊಂದಾಗಿ ಬರೆದು ತಿಳಿದುಕೊಳ್ಳುತ್ತಾ ಹೋಗುತ್ತಾನೆ. ಅವನಿಗೆ ಹೊಳೆಯುವುದು, ಅಲ್ಲಿನವರನ್ನು ಮೂರು ಹಗ್ಗಗಳು ಕಟ್ಟಿವೆ ಅಂತ. ಒಂದು ಕರ್ತವ್ಯ, ಅಂದರೆ ತನ್ನ ಪಕ್ಷಕ್ಕೆ ಒಳ್ಳೆಯದಾಗುವುದನ್ನು ಮಾಡುವ ಹುಟ್ಟುಗುಣ. ಇನ್ನೊಂದು ವಿಧೇಯತೆ. ಒಡೆಯ ಹೇಳಿದರೆ ಮೈ ತಾನಾಗಿ ಕೇಳುತ್ತದೆ, ಮನಸ್ಸು ಒಪ್ಪದಿದ್ದರೂ ಸರಿ. ಮೂರನೆಯದು ನಿಷ್ಠೆ. ಬಲ ಎಷ್ಟು, ನಡೆ ಎಷ್ಟು ಅನ್ನುವ ಅಂಕಿಗಳನ್ನು ನೋಡಬಹುದು. ನಿಷ್ಠೆಗೂ ಅಂಕಿ ಇದೆ, ಆದರೆ ಅದು ಯಾರಿಗೂ ಕಾಣುವುದಿಲ್ಲ. ಒಬ್ಬ ಪಕ್ಷ ಬದಲಿಸಿದ ಮೇಲೆಯೇ "ಓಹೋ, ಇವನದು ಕಮ್ಮಿ ಇತ್ತು" ಅಂತ ಗೊತ್ತಾಗುವುದು.

ಇದನ್ನು ಓದುವಾಗ ನನಗೆ ಬೀದರಿನ ಮದರಸಾ ಕಣ್ಣ ಮುಂದೆ ಬರುತ್ತದೆ. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗಾವಾನ್ ಬಹಮನಿ ರಾಜ್ಯದ ವಜೀರ. ರಾಜ್ಯ ನಾಲ್ಕು ತರಫುಗಳಾಗಿ, ಅಂದರೆ ಪ್ರಾಂತ್ಯಗಳಾಗಿ ಹಂಚಿತ್ತು. ತರಫುದಾರರು ತಮ್ಮ ತಮ್ಮ ಸೀಮೆಯಲ್ಲಿ ರಾಜರ ಹಾಗೆ ಇದ್ದರು. ಗಾವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬೊಬ್ಬ ತರಫುದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು, ಉಳಿದದ್ದನ್ನು ಸುಲ್ತಾನನ ಕೈಕೆಳಗೆ ತಂದ. ಆಟದ ಮಾತಿನಲ್ಲಿ ಹೇಳುವುದಾದರೆ, ಆಟ ನಡೆಯುತ್ತಿರುವಾಗಲೇ ಹಲಗೆಯ ಮನೆಗಳನ್ನು ಬದಲಿಸಿದ. ಮನೆ ಕಳೆದುಕೊಂಡವರು ಸುಮ್ನೆ ಕೂರಲಿಲ್ಲ. ಅವನ ಮೊಹರನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆದು, ಮೂರನೇ ಮಹಮ್ಮದ್ ಶಾಹನ ಕೈಗೆ ತಲುಪಿಸಿದರು. 1481ರಲ್ಲಿ ಗಾವಾನನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದೆ ರಾಜ್ಯ ಐದು ಹೋಳಾಯಿತು.

ಸುಲ್ತಾನನಿಗೆ ಮೊಹರು ಕಂಡಿತು. ನಿಷ್ಠೆ ಕಾಣುವ ವಸ್ತುವಲ್ಲ. ಆ ತರಫುದಾರರೆಲ್ಲ ಹುಟ್ಟಾ ದುಷ್ಟರು ಅಂತ ಹೇಳಿ ಮುಗಿಸಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ಎಂಟಾದದ್ದನ್ನು ಹೇಳಿದರೆ ಅವರ ಹೊಟ್ಟೆಯ ಉರಿ ಎಲ್ಲಿಂದ ಬಂತು ಅಂತ ಕಾಣುತ್ತದೆ. ಎರ್ಫ್‌ವರ್ಲ್ಡ್ ಓದಬೇಕಾದದ್ದೂ ಹೀಗೆಯೇ.

ಪಾರ್ಸನ್‌ಗೆ ವಾಪಸ್ ಬರೋಣ. ಅವನನ್ನು ಕರೆತಂದ ಮಂತ್ರವೇ ಅವನನ್ನು ಸ್ಟ್ಯಾನ್ಲಿಯ ಮಾತಿಗೆ ಕಟ್ಟಿದೆ. ಹಾಗಾದರೆ ಅವನು ಮಾಡಿದ್ದಕ್ಕೆಲ್ಲ ಅವನು ಹೊಣೆಯಲ್ಲ ಅನ್ನಬಹುದಾ? ಬಹಳ ಓದುಗರು ಹಾಗೆ ಅಂದುಕೊಂಡು ಅವನನ್ನು ಬಿಟ್ಟುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅಪ್ಪಣೆ "ನಗರ ಉಳಿಸು" ಅಂತ ಹೇಳಬಹುದು. ಹೇಗೆ ಅನ್ನುವ ಉಪಾಯವನ್ನು ಅಪ್ಪಣೆ ಕೊಡುವುದಿಲ್ಲ. ಆ ಉಪಾಯ ಅವನ ತಲೆಯದು.

ಅವನೊಳಗೆ ಇನ್ನೊಂದು ಸಂಗತಿಯೂ ಇದೆ. ಅವನಿಗೆ ಆಟ ಇಷ್ಟ. ಸೋಲುವ ಹಲಗೆಯನ್ನು ಗೆಲುವಿಗೆ ತಿರುಗಿಸುವುದು ಅವನ ಬದುಕಿನಲ್ಲಿ ಅವನಿಗೆ ಚೆನ್ನಾಗಿ ಬರುವ ಒಂದೇ ಒಂದು ಕೆಲಸ. ಊರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮನುಷ್ಯನ ಮುಂದೆ ಇಲ್ಲಿ ಒಂದು ನಗರವೇ ಕೈಕಟ್ಟಿ ನಿಂತಿದೆ. ಮಂತ್ರದ ಹಗ್ಗ ಬಿಚ್ಚಿದರೂ ಈ ಹಗ್ಗ ಬಿಚ್ಚುತ್ತಿತ್ತಾ? ಗೆದ್ದಾಗ ಅವನ ಮುಖದಲ್ಲಿ ಬರುವ ಹೊಳಪು, ಅದರ ಹಿಂದೆಯೇ ಬರುವ ನಾಚಿಕೆ ಎರಡನ್ನೂ ನೋಡಿ. ಅವನ ಮನಸ್ಸು ಅಲ್ಲಿ ಸಿಗುತ್ತದೆ.

ಮೊದಲ ಭಾಗದ ಕೊನೆಯಲ್ಲಿ ಇದು ಕುದಿಯುವ ಹಂತಕ್ಕೆ ಬರುತ್ತದೆ. ಸ್ಟ್ಯಾನ್ಲಿ ತನ್ನ ಡ್ರ್ಯಾಗನ್‌ಗಳನ್ನು ಕರೆದುಕೊಂಡು ನಗರ ಬಿಟ್ಟು ಹೋಗಿದ್ದಾನೆ. ಉಳಿದವರು ಕೆಲವೇ ಮಂದಿ, ಸುತ್ತಲೂ ವೈರಿ ರಾಜ್ಯಗಳ ಒಕ್ಕೂಟದ ದೊಡ್ಡ ಸೈನ್ಯ. ನಗರ ನಿಂತಿರುವುದು ಆರಿಹೋದ ಜ್ವಾಲಾಮುಖಿಯ ಮೇಲೆ. ಪಾರ್ಸನ್ ಬಳಿ ಮೂವರು ಮಾಂತ್ರಿಕರಿದ್ದಾರೆ. ಸೈಜ್‌ಮೋರ್‌ಗೆ ಮಣ್ಣು ಕಲ್ಲಿನ ವಿದ್ಯೆ, ಮ್ಯಾಗಿಗೆ ಮನಸ್ಸುಗಳನ್ನು ಬೆಸೆಯುವ ವಿದ್ಯೆ, ವಾಂಡಾಗೆ ಸತ್ತವರನ್ನು ಎಬ್ಬಿಸುವ ವಿದ್ಯೆ. ಪಾರ್ಸನ್ ಯೋಚಿಸುತ್ತಾನೆ: ಜ್ವಾಲಾಮುಖಿ ಆರಿದೆ ಅಂದರೆ ಸತ್ತಿದೆ ಅಂತ ತಾನೆ? ಸತ್ತದ್ದನ್ನು ಎಬ್ಬಿಸುವವಳು ಪಕ್ಕದಲ್ಲೇ ಇದ್ದಾಳಲ್ಲ?

ಮೂವರನ್ನೂ ಒಂದಾಗಿ ಬೆಸೆದು ಬೆಟ್ಟವನ್ನೇ ಎಬ್ಬಿಸುತ್ತಾರೆ. ಬೆಂಕಿ ಮೇಲೇಳುತ್ತದೆ. ನಗರವೂ ಹೋಯಿತು, ವೈರಿ ಸೈನ್ಯವೂ ಹೋಯಿತು.

ಕಟ್ಟಳೆಯಲ್ಲಿ ಎಲ್ಲೂ ಇದನ್ನು ಮಾಡಬಾರದು ಅಂತ ಇರಲಿಲ್ಲ. ಅಲ್ಲೇ ಹುಟ್ಟಿದವರಿಗೆ ಅದು ತೋಚಲೂ ಇಲ್ಲ. ಅವರ ಪಾಲಿಗೆ ಸತ್ತವರನ್ನು ಎಬ್ಬಿಸುವುದು ಅಂದ್ರೆ ಸತ್ತ ಸೈನಿಕರನ್ನು ಎಬ್ಬಿಸುವುದು, ಅಷ್ಟೇ. ಹೊರಗಿನವನಿಗೆ ಮಾತ್ರ ಆ ಪದದಲ್ಲಿ ಬಿರುಕು ಕಂಡಿತು. ಓದುಗನಿಗೆ ಇದು ಮೋಸ ಅನಿಸುವುದಿಲ್ಲ, ಯಾಕಂದ್ರೆ ಮೂರು ವಿದ್ಯೆಗಳನ್ನೂ ಕಥೆ ನಮಗೆ ಮೊದಲೇ ಬೇರೆ ಬೇರೆ ಕಡೆ ತೋರಿಸಿ ಇಟ್ಟಿದೆ. ಕಾಯಿಗಳೆಲ್ಲ ಹಲಗೆಯ ಮೇಲೇ ಇದ್ದವು. ಕಲ್ಪನೆಯ ಲೋಕ ಕಟ್ಟಬೇಕು ಅಂತಿರುವ ನಮ್ಮ ಹೊಸ ಬರಹಗಾರರು ಈ ಒಂದು ಭಾಗವನ್ನು ಎರಡು ಸಲ ಓದಲಿ ಅಂತ ನನ್ನ ಆಸೆ.

ಗೆಲುವು ಬಂದ ಮೇಲೆ ಪಾರ್ಸನ್ ಕುಣಿಯುವುದಿಲ್ಲ. ಸತ್ತವರ ಲೆಕ್ಕ ಅವನ ಎದೆಯ ಮೇಲೆ ಕೂರುತ್ತದೆ. ಸೈಜ್‌ಮೋರ್‌ನದು ಇನ್ನೂ ನೋವಿನ ಪಾಡು. ಕೊಲ್ಲುವುದು ಒಗ್ಗದ ಮೆದು ಮನುಷ್ಯ ಅವನು. ಸುರಂಗದ ಕಾಳಗದಲ್ಲಿ ಕೊಲ್ಲಲೇಬೇಕಾಗಿ ಬಂದು ಒಳಗೊಳಗೇ ಕುಸಿಯುತ್ತಾನೆ. ಅಪ್ಪಣೆ ಅವನ ಕೈಯನ್ನು ನಡೆಸಿತು, ನೋವನ್ನು ಮಾತ್ರ ಅವನೇ ಹೊರಬೇಕಾಯಿತು.

ವೈರಿಗಳ ಮನಸ್ಸು ಅರ್ಥವಾಗಲು ಇನ್ನೊಂದು ಕಟ್ಟಳೆ ಬೇಕು. ಆ ಲೋಕವನ್ನು ಸೃಷ್ಟಿಸಿದ ಟೈಟನ್ನರು ಕೆಲವು ಸಲಕರಣೆಗಳನ್ನು ಬಿಟ್ಟುಹೋಗಿದ್ದಾರೆ. ಸುತ್ತಿಗೆ, ಇಕ್ಕಳ ಇಂಥವು. ಅವು ಎಲ್ಲರಿಗೂ ಒಲಿಯುವುದಿಲ್ಲ. ಸ್ಟ್ಯಾನ್ಲಿ ರಾಜವಂಶದವನಲ್ಲ, ಸಾಮಾನ್ಯ ಸೈನಿಕನಾಗಿ ಮೂಡಿ ಮೇಲೆ ಬಂದವನು. ಆದರೆ ಸುತ್ತಿಗೆ ಅವನಿಗೆ ಒಲಿದಿದೆ. "ಟೈಟನ್ನರು ನನ್ನನ್ನೇ ಆರಿಸಿದ್ದಾರೆ" ಅಂತ ಅವನು ನಂಬಿದರೆ ತಪ್ಪೇನು? ಎದುರಿಗಿರುವ ರಾಜಕುಮಾರ ಆನ್ಸಮ್‌ನ ನಂಬಿಕೆ ಬೇರೆ. ಆಳಲು ಟೈಟನ್ನರು ನೇಮಿಸಿದ್ದು ರಾಜವಂಶವನ್ನು, ಸ್ಟ್ಯಾನ್ಲಿಯಂಥವನು ಸಿಂಹಾಸನದ ಮೇಲೆ ಕೂತರೆ ಲೋಕದ ಕಟ್ಟಳೆಯೇ ಮುರಿದ ಹಾಗೆ ಅಂತ. ಆ ಆನ್ಸಮ್‌ನ ಸೊಂಟದಲ್ಲಿ ಇಕ್ಕಳವಿದೆ. ಅದು ಅವನಿಗೆ ಒಲಿದಿಲ್ಲ. ಅವನ ಸಿಟ್ಟಿನ ಬೇರು ಅಲ್ಲಿದೆ ಅನ್ನುವುದು ನನ್ನ ಓದು. ರಾಜಕುಮಾರನಿಗೆ ಒಲಿಯದ್ದು ಒಬ್ಬ ಸಾಮಾನ್ಯ ಸೈನಿಕನಿಗೆ ಒಲಿದಿದೆ. ಅದನ್ನು ಒಪ್ಪಿಕೊಂಡರೆ ಅವನು ನಂಬಿದ್ದೆಲ್ಲ ಬೀಳುತ್ತದೆ.

ಅದೇ ಇಕ್ಕಳ ಮುಂದೆ ವಾಂಡಾಳಿಗೆ ಒಲಿಯುತ್ತದೆ. ಸತ್ತ ಆನ್ಸಮ್‌ನನ್ನು ಅವಳು ಅದರಿಂದಲೇ ಎಬ್ಬಿಸುತ್ತಾಳೆ. ಎದ್ದವನಿಗೆ ಹಳೆಯ ನೆನಪೂ ಇದೆ, ಹಳೆಯ ಜಾಣತನವೂ ಇದೆ. ನಿಷ್ಠೆ ಮಾತ್ರ ಪೂರ್ತಿ ವಾಂಡಾಳ ಕಡೆಗೆ. ನಿನ್ನೆವರೆಗೆ ಯಾರನ್ನು ಅಳಿಸಲು ಹೊರಟಿದ್ದನೋ ಅವರ ಪರವಾಗಿ ಈಗ ಮನಸ್ಸಿಟ್ಟು ಹೋರಾಡುತ್ತಾನೆ. ಬಲವಂತ ಅಂತ ಅವನಿಗೆ ಅನಿಸುವುದೇ ಇಲ್ಲ. ಇವನು ಅದೇ ಆನ್ಸಮ್ ಹೌದೋ ಅಲ್ಲವೋ? ಹಳೆಯ ಗೆಳೆಯರು ಅವನನ್ನು ನೋಡಿ ಬೆಚ್ಚುವುದು ಸಹಜ. ಕಾಣದಿದ್ದ ಒಂದು ಅಂಕಿಯನ್ನು ಯಾರೋ ತಿದ್ದಿದ್ದಾರೆ, ಉಳಿದ ಮನುಷ್ಯ ಹಾಗೇ ಇದ್ದಾನೆ. ಇಷ್ಟು ಭಯ ಹುಟ್ಟಿಸುವ ಸಂಗತಿ ಇಡೀ ಕಾಮಿಕ್‌ನಲ್ಲಿ ನನಗೆ ಇನ್ನೊಂದು ಸಿಗಲಿಲ್ಲ. ಚಿತ್ರಗಳು ಮಕ್ಕಳ ಆಟಿಕೆಗಳ ಹಾಗೆ ದುಂಡುದುಂಡಾಗಿ, ಬಣ್ಣಬಣ್ಣವಾಗಿ ಇರುವುದರಿಂದ ಆ ಭಯ ಜಾಸ್ತಿಯಾಗುತ್ತದೆ.

ಚಾರ್ಲಿಯ ಬಗ್ಗೆ ಜಾಸ್ತಿ ಹೇಳುವುದು ಬೇಕಿಲ್ಲ. ಅವನೂ ಒಂದು ಸಲಕರಣೆ ಇಟ್ಟುಕೊಂಡವನು, ಸುದ್ದಿ ಮತ್ತು ಸೈನ್ಯ ಎರಡನ್ನೂ ಮಾರುವವನು. ಅವನ ಮಾತನ್ನು ಕೇಳುವಾಗ ಪ್ರತಿ ಪದದ ಬೆಲೆ ಎಷ್ಟು ಅಂತ ನೋಡಿದರೆ ಸಾಕು. ವಾಂಡಾ ಹಾಗಲ್ಲ. ಮುಂದಾಗುವುದನ್ನು ಹೇಳುವ ಮಾಂತ್ರಿಕರು ಆ ಲೋಕದಲ್ಲಿದ್ದಾರೆ, ಅವರು ಹೇಳಿದ್ದು ಆಗಿಯೇ ತೀರುತ್ತದೆ. ಹಣೆಬರಹಕ್ಕೆ ಎದುರು ನಿಂತಷ್ಟೂ ತನ್ನವರಿಗೆ ನೋವು ಜಾಸ್ತಿ ಅನ್ನುವುದನ್ನು ಅವಳು ತುಂಬಾ ಹಿಂದೆಯೇ ಕಂಡಿದ್ದಾಳೆ. ಅವಳ ತಣ್ಣನೆಯ ಮುಖ ನೋಡಿ ಕಲ್ಲು ಮನಸ್ಸಿನವಳು ಅಂದುಕೊಳ್ಳಬೇಡಿ. ನೋವು ಕಮ್ಮಿಯಾಗುವ ದಾರಿ ಇದೊಂದೇ ಅಂತ ಲೆಕ್ಕ ಹಾಕಿದವಳು ಅವಳು. ಪಾರ್ಸನ್ ಆ ಲೆಕ್ಕವನ್ನು ಒಪ್ಪುವುದಿಲ್ಲ. ಲೋಕದ ಕಟ್ಟಳೆಯನ್ನೇ ಮುರಿಯಬೇಕು ಅನ್ನುವ ಹಟ ಅವನೊಳಗೆ ಬೆಳೆಯುತ್ತಾ ಹೋಗುತ್ತದೆ. ಇಬ್ಬರೂ ಒಂದೇ ಪಕ್ಷದಲ್ಲಿದ್ದೂ ಅವರ ನಡುವೆ ಅಷ್ಟು ದೂರ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಆಯಿ ಕವಡಿ ಹಿಡಿದುಕೊಂಡು ಬಂದು ಕಲ್ಲಿನ ಮುಂದೆ ಕೂತರು. ಹುಡುಗ ಮೊಬೈಲ್ ಪಕ್ಕಕ್ಕಿಟ್ಟ. ಅವನದು ಹುಣಸೆಬೀಜ, ಆಯಿಯದು ಬಳೆಚೂರು. ಆಟ ಶುರುವಾಗಿ ಬಹಳ ಹೊತ್ತು ಅವನಿಗೆ ಒಂದು ಕಾಯಿಯನ್ನೂ ಹೊಡೆಯಲು ಆಗಲಿಲ್ಲ. ಅವನ ನಾಲ್ಕೂ ಬೀಜ ಹೊರಗೇ ಸುತ್ತುತ್ತಿದ್ದವು. ಆಯಿಯ ಮೂರು ಚೂರು ಹಣ್ಣಾಗಿದ್ದವು. ಕೊನೆಯದು ಮಾತ್ರ ಅವನ ಒಂದು ಬೀಜದಿಂದ ಮೂರು ಮನೆ ಮುಂದೆ ನಿಂತಿತ್ತು.

ಕವಡಿ ಹಾಕಿದ. ಮೂರು ಬಿತ್ತು.

ಅವನು ಬೀಜ ಎತ್ತಲಿಲ್ಲ. ಆ ಬಳೆಚೂರನ್ನೇ ನೋಡುತ್ತಾ ಕೂತ.

"ಯಾಕೋ, ಲೆಕ್ಕ ತಪ್ಪಿತೇನು?" ಅಂದರು ಆಯಿ. "ಮೂರೇ ಅದಾವ. ಹೊಡಿ, ಇಲ್ಲಂದ್ರ ನಿನಗ ಒಳಗ ಹ್ಯಾಂಗ ಬರ್ಲಿಕ್ಕಿ ಆತದ?"